ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿ, ಮಲದ ರಾಡಿ: ನಿಮ್ಮ ಊರಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಗೋಡೆ ಮೇಲೆ ಬರೆಸಲು ಶೌಚಾಲಯದ ಬಗ್ಗೆ ಸಣ್ಣ ಬರಹಗಳನ್ನು ಮಾಡುತ್ತಿದ್ದೇನೆ. ಮೂರು ಪದ ಸಿಗದೆ ಕೆಲಸ ನಿಂತಿದೆ.

ನೆಲದ ಮೇಲಿನ ಕೋಣೆಗೆ ಹೆಸರಿನ ಕೊರತೆ ಇಲ್ಲ. ಸಂಡಾಸ, ಪಾಯಖಾನಿ ಎರಡೂ ನಡೆಯುತ್ತವೆ. ‘ತಂಬಿಗಿ ತಗೊಂಡು ಹೋದ’ ಅಂದರೆ ಬಿಡಿಸಿ ಹೇಳಬೇಕಿಲ್ಲ. ತೊಂದರೆ ಇರುವುದು ನೆಲದೊಳಗಿನದಕ್ಕೆ. ಅಲ್ಲಿ ಏನೇ ಕಟ್ಟಿರಲಿ, ಒಬ್ಬರು ‘ಗುಂಡಿ’ ಅಂತಾರೆ, ಇನ್ನೊಬ್ಬರು ‘ಟ್ಯಾಂಕ್’ ಅಂತಾರೆ. ‘ಸೇಫ್ಟಿ ಟ್ಯಾಂಕ್’ ಅನ್ನುವವರೂ ಇದ್ದಾರೆ. ಅದನ್ನು ಕೇಳಿದರೆ ನನಗೆ ಭಯವಾಗುತ್ತದೆ. ಮನೆಯಂಗಳದಲ್ಲಿ ಅದರಷ್ಟು ಅಪಾಯದ ಜಾಗ ಇನ್ನೊಂದಿಲ್ಲ.

ಇಂಗುವ ಗುಂಡಿ, ಸೆಪ್ಟಿಕ್ ಟ್ಯಾಂಕ್ ಎರಡೂ ಬೇರೆ ಬೇರೆ ಅಲ್ವಾ? ಶೌಚಕ್ಕೆ ಇಂಗುವ ಗುಂಡಿಗಳನ್ನು ಜೋಡಿಯಾಗಿ ತೋಡುತ್ತಾರೆ. ಅವುಗಳ ಗೋಡೆಗೆ ಕಿಂಡಿ ಬಿಟ್ಟಿರುತ್ತಾರೆ, ತಳಕ್ಕೆ ಸಿಮೆಂಟ್ ಹಾಕುವುದಿಲ್ಲ. ನೀರು ಮಣ್ಣಿಗೆ ಇಂಗುತ್ತದೆ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ, ಮೊದಲಿನದನ್ನು ಒಂದೂವರೆ-ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿನದು ಗೊಬ್ಬರವಾಗುತ್ತದೆ. ಸೆಪ್ಟಿಕ್ ಟ್ಯಾಂಕ್ ಹಾಗಲ್ಲ. ಅದರ ತಳ, ಗೋಡೆ ಎಲ್ಲ ಭದ್ರ. ನೀರು ಮಾತ್ರ ಹೊರಗೆ ಹರಿಯುತ್ತದೆ, ಗಟ್ಟಿ ಭಾಗ ತಳದಲ್ಲಿ ಕೂತು ಗಾಳಿಯಿಲ್ಲದೆ ಕೊಳೆಯುತ್ತದೆ. ‘ಸೆಪ್ಟಿಕ್’ ಪದದ ಗ್ರೀಕ್ ಮೂಲಕ್ಕೂ ಕೊಳೆಸುವುದು ಅಂತಲೇ ಅರ್ಥ. 1890ರ ದಶಕದಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಊರಲ್ಲಿ ಡೊನಾಲ್ಡ್ ಕ್ಯಾಮೆರಾನ್ ಈ ಹೆಸರಿನಲ್ಲಿ ತೊಟ್ಟಿ ಕಟ್ಟಿಸಿದರು.

ಹೆಸರು ಕಲಸಿದರೆ ಕಟ್ಟುವುದೂ ಕಲಸುತ್ತದೆ. ಇಂಗುವ ಗುಂಡಿಗೆ ‘ಟ್ಯಾಂಕ್’ ಅಂದರೆ ಗೌಂಡಿ ತಳಕ್ಕೂ ಗಿಲಾವು ಮಾಡುತ್ತಾನೆ. ನಮ್ಮ ಎರೆಮಣ್ಣಿನಲ್ಲಿ ನೀರು ಇಂಗುವುದು ಮೊದಲೇ ನಿಧಾನ. ಸುತ್ತ ಮರಳು ತುಂಬಬೇಕಾದ ಕಡೆ ಹೀಗೆ ಸಿಮೆಂಟ್ ಮೆತ್ತಿದರೆ ಬೇಗ ತುಂಬುತ್ತದೆ. ಆಮೇಲೆ ಯಾರನ್ನೋ ಕರೆಸಿ ಒಳಗೆ ಇಳಿಸುತ್ತಾರೆ. ಒಳಗಿರುವ ಹೈಡ್ರೋಜನ್ ಸಲ್ಫೈಡ್ ಅನಿಲ ಜಾಸ್ತಿ ಇದ್ದರೆ ಮೂಗಿಗೆ ವಾಸನೆಯೇ ತಿಳಿಯದಂತಾಗಿ, ಮನುಷ್ಯ ಅಲ್ಲೇ ಬೀಳುತ್ತಾನೆ. ಎತ್ತಲು ಇಳಿದವರೂ ಸಾಯುತ್ತಾರೆ. ರಕ್ಷಣೆಯ ಸಲಕರಣೆ ಇಲ್ಲದೆ ಹಾಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ ನಿಷೇಧಿಸಿದೆ. ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಆದರೂ ಇಳಿಸುವುದು ನಿಂತಿಲ್ಲ.

ಈಗ ಪದಗಳ ಮಾತು. ಇಂಗುಗುಂಡಿ ಒಳ್ಳೆಯ ಪದ. ಆದರೆ ಬಚ್ಚಲ ನೀರಿಗೆ ತೋಡುವುದಕ್ಕೂ, ಮಳೆನೀರು ಇಂಗಿಸಲು ತೋಡುವುದಕ್ಕೂ ಅದೇ ಹೆಸರು. ಅದಕ್ಕೇ ಶೌಚದ್ದಕ್ಕೆ ‘ಪಾಳಿ ಗುಂಡಿ’ ಅನ್ನಬಹುದೇ? ಒಂದಾದ ಮೇಲೆ ಒಂದು ಅನ್ನುವುದು ಹೆಸರಲ್ಲೇ ಬರುತ್ತದೆ.

ಸೆಪ್ಟಿಕ್ ಟ್ಯಾಂಕಿಗೆ ‘ಟಾಕಿ’ ಬೇಡ ಅನಿಸುತ್ತದೆ, ಅದು ಕುಡಿಯುವ ನೀರಿನದು. ‘ಕೊಳೆ ತೊಟ್ಟಿ’ ಹೇಗಿರುತ್ತದೆ?

ಅತಿ ಕಷ್ಟದ್ದು ಮೂರನೆಯದು, ತಳದಲ್ಲಿ ಕೂತ ಗಟ್ಟಿ ಭಾಗ. ‘ಮಲತ್ಯಾಜ್ಯ’ ಕಾಗದಕ್ಕೆ ಸರಿ, ನಾಲಿಗೆಗೆ ಒಗ್ಗುವುದಿಲ್ಲ. ಗೆಳೆಯರೊಬ್ಬರು ‘ಮಲದ ಹೂಳು’ ಅಂದರು. ನಾನು ಒಪ್ಪಲಿಲ್ಲ. ಕೆರೆಯ ಹೂಳನ್ನು ರೈತರು ಖುಷಿಯಿಂದ ಹೊಲಕ್ಕೆ ಹಾಕುತ್ತಾರೆ. ಟ್ಯಾಂಕಿನಿಂದ ಆಗಷ್ಟೇ ಎತ್ತಿದ್ದರಲ್ಲಿ ಜಂತುಹುಳದ ಮೊಟ್ಟೆ ಜೀವಂತ ಇರುತ್ತವೆ, ಅದನ್ನು ಸಂಸ್ಕರಿಸದೆ ಹೊಲಕ್ಕೆ ಬಿಡಬಾರದು. ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಸಂಸ್ಕರಣಾ ಘಟಕ ಇರುವುದು ಇದಕ್ಕೇ. ಹಾಗಾಗಿ ‘ರಾಡಿ’ ನನಗೆ ಹಿಡಿಸಿದೆ. ಕೇಳಿದವರು ಕಾಲು ಹಿಂದೆ ತೆಗೆಯುತ್ತಾರೆ. ಆದರೆ ಮಳೆಗಾಲದ ಕೆಸರಿಗೂ ರಾಡಿ ಅನ್ನುತ್ತೇವಲ್ಲ, ‘ಮಲದ ರಾಡಿ’ ಅಂತ ಬಿಡಿಸಿ ಬರೆದರೆ ಸಾಕೇ?

ಬೆಳಗಾವಿ, ವಿಜಯಪುರ ಕಡೆಯವರು ದಯವಿಟ್ಟು ಹೇಳಿ. ಸಕ್ಕಿಂಗ್ ಮಷಿನ್ ಓಡಿಸುವವರು, ಗೌಂಡಿಗಳು ತಮ್ಮ ತಮ್ಮಲ್ಲಿ ಮಾತಾಡುವಾಗ ಈ ಮೂರಕ್ಕೆ ಏನನ್ನುತ್ತಾರೆ? ನಿಘಂಟಿನ ಪದಕ್ಕಿಂತ ನನಗೆ ಅವರ ಪದ ಬೇಕು.