ಬ್ಲಾಸ್ಟ್ = ಸ್ಫೋಟ?? ಸಂಜೆಯೊಳಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ. ರಕ್ತ ಕ್ಯಾನ್ಸರ್ ರೋಗಿಗಳಿಗೆ ಕೊಡುವ ಒಂದು ಕೈಪಿಡಿ ತಿದ್ದುತ್ತಿದ್ದೇನೆ, ಸಂಜೆ ಅಚ್ಚಿಗೆ ಹೋಗಬೇಕು. ಅಕ್ಯೂಟ್ ಲ್ಯುಕೇಮಿಯಾದಲ್ಲಿ ರಕ್ತಕಣ ಯಾಕೆ ಕಡಿಮೆಯಾಗುತ್ತದೆ ಅನ್ನುವ ಪುಟದಲ್ಲಿ ಮೊದಲು ಅನುವಾದಿಸಿದವರು ಬರೆದಿರುವುದು: "ಮೂಳೆಮಜ್ಜೆಯಲ್ಲಿ ಸ್ಫೋಟಗಳು ಹೆಚ್ಚಾಗಿ ರಕ್ತಹೀನತೆ ಉಂಟಾಗುತ್ತದೆ." ಓದಿದ ರೋಗಿ ಎದ್ದು ಓಡುತ್ತಾನೆ, ಅಲ್ವಾ? ಇಲ್ಲಿ ಬ್ಲಾಸ್ಟ್ ಅಂದರೆ ಪೂರ್ತಿ ಬೆಳೆಯದ ರಕ್ತಕಣ. ಬ್ಲಾಸ್ಟ್‌ಗೆ ಒಂದು ಪದ, ಪ್ಯಾನ್‌ಸೈಟೋಪೀನಿಯಾಕ್ಕೆ ಒಂದು ಪದ ಕೊಡಿ. ರಕ್ತಹೀನತೆ ಸಾಲದು, ಅದು ಕೆಂಪು ಕಣದ ಮಾತು. ಇಲ್ಲಿ ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲ ಇಳಿದಿರುತ್ತವೆ.

---

ಸಿಡಿಯುವ ಬ್ಲಾಸ್ಟ್ ಬೇರೆ, ಇದು ಬೇರೆ. ಇದು ಗ್ರೀಕಿನ ಬ್ಲಾಸ್ಟೋಸ್, ಅಂದರೆ ಮೊಳಕೆ. "ಮೊಳಕೆಕಣ" ಅನ್ನಿ, ಮುಗೀತು. ಇನ್ನೊಂದಕ್ಕೆ "ಸರ್ವಕಣಕ್ಷಯ". ಚರ್ಚೆ ಅನಗತ್ಯ.

---

ಸಾರ್, ಕ್ಷಯ ಅಂದರೆ ಜನಕ್ಕೆ ಟಿಬಿ. ಕ್ಯಾನ್ಸರ್ ಸಾಲದು ಅಂತ ಅದನ್ನೂ ಅಂಟಿಸುತ್ತೀರಾ? ಸಂಸ್ಕೃತ ಕಂಡರೆ ಸಾಕು, ಅರ್ಥ ನೋಡುವುದೇ ಇಲ್ಲ. ಕಣ ಮೂರು ಬಗೆ, ಆದ್ದರಿಂದ "ಮುಕ್ಕಣಕೊರತೆ". ಬ್ಲಾಸ್ಟ್‌ಗೆ "ಎಳೆಗಣ". ಲ್ಯುಕೇಮಿಯಾನೂ ಯಾಕೆ? 1847ರಲ್ಲಿ ಜರ್ಮನ್ ವೈದ್ಯ ವಿರ್ಶೋ ಇಟ್ಟ ಹೆಸರು ಅದು, ಗ್ರೀಕಿನಲ್ಲಿ ಬಿಳಿ ರಕ್ತ ಅಂತಷ್ಟೇ ಅರ್ಥ. "ಬೆಳ್ನೆತ್ತರು" ಅನ್ನಬಹುದಲ್ಲ.

---

ಮುಕ್ಕಣ? ಅಚ್ಚಿನಲ್ಲಿ ಒಂದು ಒತ್ತು ಜಾಸ್ತಿ ಬಿದ್ದರೆ ಶಿವನೇ ರೋಗಿ. ಎಳೆಗಣ ಅಂದರೆ ಎಳೆಯರ ಗುಂಪು. ಕಣ ಸಂಸ್ಕೃತದ್ದೇ, ಅದನ್ನು ಹಿಡಿದು ಆದೇಶ ಸಂಧಿ ಮಾಡಿ ಗಣ ಅಂದರೆ ಅಚ್ಚಗನ್ನಡ ಆಗಿಬಿಡುತ್ತದಾ? ಡೆಂಗಿ ಬಂದಾಗ ಮನೆಮನೆಯಲ್ಲೂ "ಪ್ಲೇಟ್‌ಲೆಟ್ ಎಷ್ಟಿದೆ" ಅಂತಲೇ ಕೇಳಿದರು. ಪದಕ್ಕಾಗಿ ಯಾರೂ ಕಾಯಲಿಲ್ಲ.

---

ನಾನು ಲ್ಯಾಬಿನಲ್ಲಿ ಮಜ್ಜೆಯ ಸ್ಲೈಡ್ ನೋಡುವವಳು. ಮೊಳಕೆ, ಎಳೆ ಎರಡೂ ಬೇಡ. ಕೇಳಿದರೆ ಮುಂದೆ ಬೆಳೆದು ಫಲ ಕೊಡುತ್ತದೆ ಅನ್ನಿಸುತ್ತದೆ. ಇವು ಬಲಿಯುವುದೇ ಇಲ್ಲ, ಅದೇ ತೊಂದರೆ. ಸ್ಲೈಡಿನಲ್ಲಿ ನೋಡಿದರೆ ದೊಡ್ಡ ನ್ಯೂಕ್ಲಿಯಸ್, ಸುತ್ತ ಉಗುರಂಚಿನಷ್ಟು ಬಣ್ಣ, ಅಂಥವೇ ಸಾಲುಸಾಲು, ಅವುಗಳ ನಡುವೆ ಪ್ಲೇಟ್‌ಲೆಟ್ ಉದುರಿಸುವ ದೊಡ್ಡ ಕಣ ಒಂದಾದರೂ ಸಿಗುತ್ತದಾ ಅಂತ ಹುಡುಕುತ್ತಾ ಕೂರಬೇಕು. ಸುಮ್ನೆ "ಬಲಿಯದ ಕಣ" ಅನ್ನಿ.

ಪದಕ್ಕಿಂತ ಕಾರಣ ಸರಿಯಿರಲಿ. "ಜಾಗ ತುಂಬಿ" ಅಂತ ಮಾತ್ರ ಬರೆಯಬೇಡಿ. ಮಜ್ಜೆ ಪೂರ್ತಿ ತುಂಬದಿದ್ದರೂ ಎಣಿಕೆ ಇಳಿಯುತ್ತದೆ, ಯಾಕೆಂದರೆ ಒಳ್ಳೆ ಕಣಗಳನ್ನು ಹೆರುವ ಮೂಲಕಣಗಳಿಗೆ ಬೇಕಾದ ನೆಲೆಯನ್ನೇ ಇವು ಕೆಡಿಸುತ್ತವೆ. ಚಿಕಿತ್ಸೆ ಶುರುವಾದ ಮೇಲೆ ಕೀಮೋ ಕೂಡ ಇಳಿಸುತ್ತದೆ. ಇನ್ನು ಬಿಳಿ ಕಣ. ರಿಪೋರ್ಟಿನಲ್ಲಿ ಅದು ಲಕ್ಷ ದಾಟಿರಬಹುದು, ಬಲಿಯದವನ್ನೂ ಸೇರಿಸಿ ಎಣಿಸಿರುತ್ತಾರೆ. ಸೋಂಕಿನ ಜೊತೆ ಹೋರಾಡುವವು ಮಾತ್ರ ಕಡಿಮೆ. ಇದನ್ನು ಬಿಟ್ಟರೆ ರೋಗಿಯ ಮನೆಯವರು "ಬಿಳಿ ಕಣ ಇಷ್ಟೊಂದಿದೆ, ಜ್ವರ ಯಾಕೆ" ಅಂತ ಕೇಳುತ್ತಾರೆ. ನನ್ನನ್ನೇ ಕೇಳಿದ್ದಾರೆ.

---

ಹಾಗಾದರೆ "ಒತ್ತುವರಿ" ಹೇಗೆ? ಜಾಗವನ್ನೂ ಕಬಳಿಸಿ, ಪಕ್ಕದವನ ನೀರು-ದಾರಿಯನ್ನೂ ಕೆಡಿಸುವುದು. ಎರಡೂ ಬಂತು.

---

ಮೇಡಂ, ತುಂಬ ಉಪಕಾರ ಆಯಿತು. ಒತ್ತುವರಿ ಹೇಳಿದವರಿಗೂ. ಹೀಗೆ ಬರೆದೆ: "ಬಲಿಯದ ಕಣಗಳು ಮಜ್ಜೆಯನ್ನು ಒತ್ತುವರಿ ಮಾಡುತ್ತವೆ, ಒಳ್ಳೆಯ ಕಣ ಹುಟ್ಟಲು ಬಿಡುವುದಿಲ್ಲ. ಕೆಂಪು ಕಣ ಇಳಿದರೆ ಸುಸ್ತು, ಪ್ಲೇಟ್‌ಲೆಟ್ ಇಳಿದರೆ ವಸಡಲ್ಲಿ ರಕ್ತ, ಸೋಂಕು ತಡೆಯುವ ಬಿಳಿ ಕಣ ಇಳಿದರೆ ಜ್ವರ. ಒಟ್ಟು ಬಿಳಿ ಕಣದ ಎಣಿಕೆ ಜಾಸ್ತಿ ಇದ್ದರೂ ಹೀಗಾಗಬಹುದು." ಪ್ಯಾನ್‌ಸೈಟೋಪೀನಿಯಾ ಪದವನ್ನೇ ಬಿಟ್ಟೆ. ಬೇಕಾಗಲಿಲ್ಲ.

---

ಮಜ್ಜೆಯೂ ಸಂಸ್ಕೃತವೇ, ಗಮನಿಸಿ. ಅದಕ್ಕೆ ಅಚ್ಚಗನ್ನಡದಲ್ಲಿ ನನ್ನದೊಂದು ಸಲಹೆ ಇದೆ.

---

ಅಚ್ಚಿಗೆ ಹೋಯಿತು ಸಾರ್.