ಮರು: ಯಂತ್ರದ ಸದ್ದಿಗೆ ಕಿವಿ ಹೋಗುವುದಕ್ಕೆ ಏನು ಪದ? (ನಾಳೆ ಬೋರ್ಡು ಪ್ರಿಂಟಿಗೆ)

ನಾನು ಕೇಳಿದ್ದು ಮಾಚೇನಹಳ್ಳಿ ಕಡೆಯ ಒಂದು ಫೌಂಡ್ರಿಯ ಎಚ್ಚರಿಕೆ ಬೋರ್ಡಿಗೆ ಒಂದೇ ಒಂದು ಪದ: ಯಂತ್ರದ ಸದ್ದಿಗೆ ಕಿವಿ ಹೋಗುವುದಕ್ಕೆ ಏನನ್ನೋಣ, ‘ಮಂದ’ ಆದೀತಾ ಅಂತ. ಬಂದದ್ದು 14 ಮೇಲ್, ಅದರಲ್ಲಿ ಜಗಳವೇ ಜಾಸ್ತಿ.

> ‘ಶಬ್ದಜನ್ಯ ಶ್ರವಣದೋಷ’. ಪದ ಇರುವಾಗ ಚರ್ಚೆ ಯಾಕೆ?

ಯಾಕೆ ಅಂದ್ರೆ ಗ್ರೈಂಡಿಂಗ್ ಮಾಡುವ ಹುಡುಗ ಅದನ್ನು ಓದಿ ಮುಗಿಸುವಷ್ಟರಲ್ಲಿ ಶಿಫ್ಟು ಮುಗಿದಿರುತ್ತೆ. ದೋಷ ಅಂದ್ರೆ ಹುಟ್ಟಿನಿಂದಲೇ ಬಂದದ್ದು ಅನ್ನಿಸುತ್ತೆ, ಜಾತಕದ ವಾಸನೆ ಬೇರೆ. ಇದು ಕೆಲಸದಿಂದ ಬರುವ ಕಾಯಿಲೆ ಸ್ವಾಮಿ, 1948ರ ಕಾರ್ಖಾನೆ ಕಾಯ್ದೆಯ ಮೂರನೇ ಷೆಡ್ಯೂಲಿನಲ್ಲೇ ಇತ್ತು.

> ‘ಸದ್ದುಗಿವುಡು’. ಅಚ್ಚಗನ್ನಡ. ಮಂದ ಗಿಂದ ಎಲ್ಲ ಸಂಸ್ಕೃತದ ಎರವಲು, ಬೇಡ.

ಸಾರ್, ಸದ್ದು ಎಲ್ಲಿಂದ ಬಂತು? ಶಬ್ದವೇ ತಾನೇ ಸದ್ದಾಗಿದ್ದು. ತದ್ಭವ ಆದ ಕೂಡಲೇ ಅಚ್ಚಗನ್ನಡ ಆಗುವುದಾದರೆ ಪಾಪ, ಮಂದಕ್ಕೂ ಒಂದು ಜಾಗ ಕೊಡಿ. ಸದ್ದಿನ ಜೊತೆ ಸೇರಿ ಕಿವುಡು ‘ಗಿವುಡು’ ಆಗುವ ಆದೇಶಸಂಧಿ ಒಪ್ಪಿದೆ. ತೆಲುಗಿನವರು ಚೆವಿ, ಚೆವುಡು ಅಂದರೂ ನಾವು ಕಿವಿ, ಕಿವುಡಿನ ‘ಕ’ ಬಿಡಲಿಲ್ಲ ಅನ್ನೋದನ್ನೂ ಒಪ್ಪಿದೆ, ನೀವು ಮೂರು ಸಲ ಬರೆದಿದ್ದೀರಿ.

ತೊಡಕು ಇರುವುದು ಅರ್ಥದಲ್ಲಿ. ಕಿವುಡು ಅಂದ್ರೆ ಜನ ಏನೂ ಕೇಳಿಸಲ್ಲ ಅಂದುಕೊಳ್ಳುತ್ತಾರೆ. ಸದ್ದಿನ ಪೆಟ್ಟಿಗೆ ಮೊದಲು ಹೋಗುವುದು 4000 ಹರ್ಟ್ಸ್ ಆಸುಪಾಸಿನ ಕೀಚಲು ದನಿ. ನಮ್ಮ ಚಿಕ್ಕಪ್ಪ ಇಪ್ಪತ್ತು ವರ್ಷ ಸಾಮಿಲ್ಲಿನಲ್ಲಿದ್ದವರು. ಊಟಕ್ಕೆ ಕೂತಾಗ ಚಿಕ್ಕಮ್ಮ ‘ಸೊಪ್ಪು ಬೇಕಾ’ ಅಂದ್ರೆ ಚಿಕ್ಕಪ್ಪ ಉಪ್ಪಿನ ಭರಣಿ ಅವರ ಕಡೆ ತಳ್ಳುತ್ತಾರೆ. ‘ಸ’ ಕಿವಿಗೆ ಬಿದ್ದೇ ಇರುವುದಿಲ್ಲ. ಗದ್ದೆ ಆಚೆ ತೀರ್ಥಹಳ್ಳಿ ಬಸ್ಸಿನ ಹಾರ್ನ್ ಮಾತ್ರ ನಮಗಿಂತ ಮೊದಲು ಕೇಳಿಸುತ್ತೆ. ಕಿವುಡು ಅಂದ್ರೆ ಎದ್ದು ಹೋಗುತ್ತಾರೆ, ‘ಕಿವಿ ಸ್ವಲ್ಪ ಮಂದ’ ಅಂದ್ರೆ ಹೂಂ ಅನ್ನುತ್ತಾರೆ.

ಹಾಗಾಗಿ ಬೋರ್ಡು ಹೀಗೆ: ‘ಈ ಸದ್ದಿಗೆ ಕಿವಿ ಮಂದವಾಗುತ್ತದೆ. ಹೋದ ಕಿವಿ ವಾಪಸ್ ಬರುವುದಿಲ್ಲ. ಇಯರ್‌ಪ್ಲಗ್ ಹಾಕಿ.’ ಕಿವಿಬಿರಡೆ ಅಂತ ಯಾರೋ ಸೂಚಿಸಿದ್ದರು. ಚೆಂದ ಇದೆ, ಆದರೆ ಸ್ಟೋರಿನಲ್ಲಿ ಕೇಳಿದರೆ ಬಾಟಲಿ ಮುಚ್ಚಳ ಕೊಟ್ಟು ಕಳಿಸುತ್ತಾರೆ.

ಈಗ ನಿಜವಾದ ಕಷ್ಟ, ಜೊತೆಗಿನ ಕರಪತ್ರ. ಅದಕ್ಕೆ ಇನ್ನೊಂದು ಪದ ಬೇಕು. 2009ರಲ್ಲಿ ಕುಜಾವಾ ಮತ್ತು ಲಿಬರ್‌ಮನ್ ಇಲಿಗಳಿಗೆ ಜೋರು ಸದ್ದು ಕೇಳಿಸಿ ನೋಡಿದರು. ಸ್ವಲ್ಪ ದಿನಕ್ಕೆ ಪರೀಕ್ಷೆಯಲ್ಲಿ ಕಿವಿ ಮೊದಲಿನಂತಾಯಿತು, ಒಳಗೆ ಸದ್ದು ಹಿಡಿಯುವ ಕೂದಲಕೋಶಗಳೂ ಉಳಿದಿದ್ದವು, ಆದರೆ ಅವಕ್ಕೂ ನರಕ್ಕೂ ಇದ್ದ ಎಷ್ಟೋ ಬೆಸುಗೆಗಳು ಕಳಚಿದ್ದವು. ಮನುಷ್ಯರಲ್ಲೂ ಹೀಗೇನಾ, ಸಂತೆಗದ್ದಲದಲ್ಲಿ ಮಾತು ತಿಳಿಯದೆ ಇರುವುದು ಇದಕ್ಕೇನಾ ಅಂತ ಆಮೇಲಿನ ಸಂಶೋಧನೆಯೆಲ್ಲ ಅದರ ಹಿಂದೆ ಬಿದ್ದಿದೆ. ಪರೀಕ್ಷೆಗೆ ಸಿಗದೆ ಅಡಗಿರುವ ಈ ನಷ್ಟಕ್ಕೆ ಇಂಗ್ಲಿಷಿನಲ್ಲಿ ‘ಹಿಡನ್ ಹಿಯರಿಂಗ್ ಲಾಸ್’ ಅನ್ನುತ್ತಾರೆ.

ಇದಕ್ಕೆ ನನಗೆ ಹೊಳೆದದ್ದು ‘ಮರೆಗಿವುಡು’, ಮರೆಯಲ್ಲಿರುವ ಕಿವುಡು. ಮರೆವು ಅಂತ ಓದಿಕೊಂಡರೆ ಕೆಟ್ಟೆ, ಅಲ್ವಾ? ಮೇಲಾಗಿ ಕಿವುಡು ಬೇಡ ಅಂದವನು ನಾನೇ. ‘ಒಳಮಂದ’ ಹೇಗೆ? ಬೈಯುವವರು ಆಮೇಲೆ ಬೈಯಿರಿ, ಪದ ಮಾತ್ರ ಬೆಳಗ್ಗೆ ಹತ್ತರೊಳಗೆ ಕೊಡಿ.