ನಾಣ್ಯ ಮೇಳದಲ್ಲಿ ಡೀಲರ್‌ಗೆ ಮಾರೋದು ಹೇಗೆ? ಸಹಾಯ ಬೇಕು

ನಮಸ್ಕಾರ. ಅಜ್ಜ ಕೂಡಿಟ್ಟ ನಲವತ್ತು ಬೆಳ್ಳಿ ನಾಣ್ಯಗಳನ್ನು ಮೊದಲ ಸಲ ಮೇಳಕ್ಕೆ ಒಯ್ದಿದ್ದೆ. ಡೀಲರ್ ಒಬ್ಬರು ಭೂತಗನ್ನಡಿ ಹಿಡಿದು, ಮೇಲಿದ್ದ ನಾಣ್ಯವನ್ನು ಬೆಳಕಿಗೆ ಓರೆ ಮಾಡಿ ನೋಡಿ, ‘ಇದನ್ನು ತಿಕ್ಕಿದ್ದೀರಿ’ ಅಂದರು. ನಿಜ, ಹೊಳೆಯಲಿ ಅಂತ ಅದೊಂದಕ್ಕೆ ಪಾಲಿಷ್ ಹಾಕಿ ಉಜ್ಜಿದ್ದೆ, ಉಜ್ಜಿದರೆ ಸಂಗ್ರಾಹಕರು ಕೊಡೋ ಬೆಲೆ ಇಳಿಯುತ್ತೆ ಅಂತ ಗೊತ್ತಿರಲಿಲ್ಲ (ಬುದ್ಧಿ ಬರೋದು ಯಾವಾಗಲೂ ಆಮೇಲೇ). ಆದರೆ ಮುಟ್ಟದೇ ಇಟ್ಟಿದ್ದ ಉಳಿದವಕ್ಕೂ ಬೆಳ್ಳಿ ತೂಕದ ಬೆಲೆಯನ್ನೇ ಹೇಳಿದರು! ಮಾರದೆ ವಾಪಸ್ ಬಂದೆ.

ಅವರೂ ಲಾಭ ಇಟ್ಟುಕೊಳ್ಳಬೇಕು, ಕ್ಯಾಟಲಾಗ್ ಬೆಲೆ ಸಿಗಲ್ಲ, ಅದು ಗೊತ್ತು. ಗ್ರೇಡಿಂಗ್‌ಗೆ, ಅಂದರೆ ನಾಣ್ಯದ ಸ್ಥಿತಿ ಪರೀಕ್ಷಿಸೋ ಸಂಸ್ಥೆಗೆ ಕಳಿಸಿ, 70ರ ಅಳತೆಯಲ್ಲಿ ಅಂಕ ಹಾಕಿಸಿ ಮಾರಿದರೆ ಶುಲ್ಕವಾದರೂ ಗಿಟ್ಟುತ್ತಾ? ಎಲ್ಲ ಒಟ್ಟಿಗೆ ಕೊಡೋದಾ, ಒಳ್ಳೆಯವನ್ನು ಆರಿಸಿ ಬೇರೆ ಕೊಡೋದಾ? ದುಡ್ಡಿನ ಬದಲು ನಾಣ್ಯವೇ ತಗೊಂಡರೆ ಸ್ವಲ್ಪ ಜಾಸ್ತಿ ಕಟ್ಟುತ್ತಾರಾ? ಪಿವಿಸಿ ಕವರ್‌ನಲ್ಲಿದ್ದ ಎರಡಕ್ಕೆ ಹಸಿರು ಜಿಡ್ಡು ಹತ್ತಿದೆ, ಈ ಸಲ ಕೇಳದೆ ಕೈ ಹಾಕಲ್ಲ.